ಕಾನೂನು ನೆರವೂ ದಾಸೋಹವೇ

ಶ್ರೀಮಠದ ಆಶ್ರಯದಲ್ಲಿ ಬೆಳೆದುಬಂದ ನಮ್ಮ ವಿದ್ಯಾಸಂಸ್ಥೆಯ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ನಿವೃತ್ತ ಅಧ್ಯಾಪಕನಾದ ನಾನು ಶಾಲೆಯ ಹಿಂದಿನ ದಿನಗಳನ್ನು ಕುರಿತು ಬರೆಯುವೆನೆಂದು ಅವರು ನಿರೀಕ್ಷಿಸಿದ್ದಿರಬಹುದು. ಆ ಕಾರ್ಯವನ್ನು ನನಗಿಂತ ಸಮರ್ಥರಾದವರು ನೆರವೇರಿಸುತ್ತಾರೆ. ನಮ್ಮ ದಾನಿಗಳ ಪಟ್ಟಿಯಲ್ಲಿ ಇದುವರೆಗೆ ಕಾಣಿಸಿಕೊಳ್ಳದ ಒಂದು ಬಾಬನ್ನು ಕುರಿತು ನಾಲ್ಕು ಮಾತು ಬರೆಯಲು ಮಾತ್ರ ನಾನು ಅನುಮತಿ ಬೇಡುತ್ತೇನೆ. ಕೊಠಡಿ ಕಟ್ಟಿಸಿದವರಿದ್ದಾರೆ, ಪುಸ್ತಕ ಭಂಡಾರಕ್ಕೆ ಕೊಟ್ಟವರಿದ್ದಾರೆ, ವಿದ್ಯಾರ್ಥಿವೇತನಕ್ಕೆ ದತ್ತಿ ಇಟ್ಟವರಿದ್ದಾರೆ, ಪ್ರಸಾದ ನಿಲಯಕ್ಕೆ ಅಕ್ಕಿ ಬೇಳೆ ಕಳುಹಿಸಿದವರಂತೂ ಅಸಂಖ್ಯಾತರು. ಆದರೆ ಬಡ ಕುಟುಂಬವೊಂದು ತನ್ನ ಮನೆ, ಜಮೀನು, ಪಿಂಚಣಿ ಅಥವಾ ಜೀವನಾಂಶಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿ ಬಂದಾಗ ಅದರ ಕೈ ಹಿಡಿಯುವುದಕ್ಕಾಗಿ ದತ್ತಿಯಿಟ್ಟವರು ಯಾರೂ ಇಲ್ಲ. ಈ ಕೊರತೆ ಎಷ್ಟು ದುಬಾರಿಯಾದುದೆಂಬುದು ನನಗೆ ತಡವಾಗಿ ತಿಳಿಯಿತು. ತಿಳಿದ ಬಗೆಯನ್ನು ಮೊದಲು ಹೇಳುತ್ತೇನೆ.

೨೦೦೪ನೆಯ ಇಸವಿಯ ಮಾತು. ಒಂಬತ್ತನೆಯ ತರಗತಿಯ ಹಾಜರಿ ಪುಸ್ತಕ ನನ್ನ ವಶದಲ್ಲಿತ್ತು. ಮಾರಿಕುಪ್ಪಂ ಕಡೆಯಿಂದ ಬೆಳಗಿನ ರೈಲಿನಲ್ಲಿ ಬಂಗಾರಪೇಟೆಗೆ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ದಸರಾ ರಜೆಯ ನಂತರ ತರಗತಿಗೆ ಬರಲಿಲ್ಲ. ಗಣಿತದಲ್ಲಿ ಚುರುಕಾದ ಹುಡುಗಿ. ಕೆಲವು ವಾರ ಕಾದೆ. ಬಳಿಕ ಎಲ್ಲ ಅಧ್ಯಾಪಕರೂ ಮಾಡುವಂತೆ ಕೆಂಪು ಶಾಯಿಯಲ್ಲಿ ಆಕೆಯ ಹೆಸರಿನ ಮೇಲೆ ಗೀಟು ಎಳೆದೆ. ಕಾರಣವನ್ನು ವಿಚಾರಿಸಲಿಲ್ಲ. ಎರಡು ವರ್ಷಗಳಾದ ಮೇಲೆ ಆಕೆಯ ತಾಯಿ ಶಾಲೆಯ ಕಚೇರಿಗೆ ಬಂದರು. ತಾಲ್ಲೂಕು ಕಾನೂನು ಸೇವಾ ಸಮಿತಿಯವರು ನೇಮಿಸಿಕೊಟ್ಟ ವಕೀಲರು ಅವರನ್ನು ಕಳುಹಿಸಿದ್ದರು. ಮಗಳ ಪ್ರವೇಶ ಕಾಲದಲ್ಲಿ ದಾಖಲಾತಿ ಪುಸ್ತಕದಲ್ಲಿ ಬರೆಸಿದ್ದ ತಂದೆಯ ಪೂರ್ಣ ಹೆಸರಿನ ಉದ್ಧೃತ ಪ್ರತಿ ಬೇಕಾಗಿತ್ತು.

ಆಗ ಅವರ ಕಥೆಯೆಲ್ಲ ಹೊರಬಿದ್ದಿತು. ಆಕೆಯ ಪತಿ ಚಿನ್ನದ ಗಣಿಯ ಸುರಂಗದಲ್ಲಿ ದುಡಿದವರು. ಗಣಿ ಮುಚ್ಚಿದ ಮೇಲೆ ಕೆಮ್ಮಿನಿಂದ ನರಳಿ ತೀರಿಕೊಂಡಿದ್ದರು. ಕಂಪನಿಯ ದಾಖಲೆಯಲ್ಲಿ ಅವರಿಗೆ ತಂದೆಯ ಹೆಸರು ಸೇರಿದ ಒಂದು ಹೆಸರು. ಪಡಿತರ ಚೀಟಿಯಲ್ಲಿ ಬರಿಯ ಕರೆಯುವ ಹೆಸರು. ಬ್ಯಾಂಕಿನ ಪುಸ್ತಕದಲ್ಲಿ ಮೊದಲಕ್ಷರ ತಪ್ಪಿದ ಮತ್ತೊಂದು ಹೆಸರು. ಮೂವರೂ ಒಬ್ಬರೇ ಎಂದು ತೋರಿಸುವ ಕಾಗದವಿಲ್ಲದೆ ಭವಿಷ್ಯನಿಧಿಯ ಬಾಕಿಯೂ ಬರಲಿಲ್ಲ, ಕುಟುಂಬ ಪಿಂಚಣಿಯೂ ಆರಂಭವಾಗಲಿಲ್ಲ. ಕಚೇರಿಯಿಂದ ಕಚೇರಿಗೆ ಅಲೆದಾಟ, ಅಲೆದ ದಿನ ಕೂಲಿ ಇಲ್ಲ, ಕೂಲಿ ಇಲ್ಲದ ದಿನ ಬಡ್ಡಿ ಸಾಲ. ಸಾಲ ಏರಿದಾಗ ಮಗಳು ಶಾಲೆ ಬಿಟ್ಟು ಬೆಂಗಳೂರಿನ ಒಂದು ಮನೆಯ ಕೆಲಸಕ್ಕೆ ಸೇರಿದಳು. ಕಡೆಗೆ ಯಾರೋ ಹೇಳಿ, ಸಮಿತಿಗೆ ಅರ್ಜಿ ಕೊಟ್ಟು, ಉಚಿತ ವಕೀಲರು ದೊರೆತು, ಉತ್ತರಾಧಿಕಾರ ಪತ್ರಕ್ಕಾಗಿ ನ್ಯಾಯಾಲಯದಲ್ಲಿ ಅರ್ಜಿ ದಾಖಲಾಗಿತ್ತು. ನಾನು ಬೀರುವಿನಿಂದ ದಾಖಲಾತಿ ಪುಸ್ತಕವನ್ನು ತೆಗೆದು ನೋಡಿದೆ. ತಂದೆಯ ಹೆಸರು, ಅದರ ಮುಂದೆ ಕರೆಯುವ ಹೆಸರು, ಉದ್ಯೋಗ, ಗಣಿಯ ಹೆಸರು ಎಲ್ಲವೂ ಸ್ಪಷ್ಟವಾಗಿ ಬರೆದಿತ್ತು. ಆ ತಾಯಿ ಕೇಳಿದರು: “ಈ ಕಾಗದ ಇಷ್ಟು ದಿನವೂ ಇಲ್ಲೇ ಇತ್ತಾ ಸಾರ್?” ಇತ್ತು. ನಮ್ಮ ಬೀರುವಿನಲ್ಲೇ ಇತ್ತು. ಕೆಲವು ತಿಂಗಳಲ್ಲಿ ಆಕೆಗೆ ಆದೇಶ ದೊರೆಯಿತು, ಹಣವೂ ಬಂದಿತು. ಹುಡುಗಿ ಮಾತ್ರ ಶಾಲೆಗೆ ಹಿಂದಿರುಗಲಿಲ್ಲ.

ಈ ಮಗುವಿಗೆ ನಮ್ಮ ಸಂಸ್ಥೆ ಶುಲ್ಕ ವಿನಾಯಿತಿ ಕೊಟ್ಟಿತ್ತು, ಪುಸ್ತಕ ಕೊಟ್ಟಿತ್ತು, ಸಮವಸ್ತ್ರ ಕೊಟ್ಟಿತ್ತು. ಮಹನೀಯರ ದಾನವೆಲ್ಲ ಆಕೆಯಲ್ಲಿ ಫಲಿಸುವ ಕಾಲದಲ್ಲಿ ಒಂದು ಕಾಗದದ ಅಭಾವದಿಂದ ಅಷ್ಟೂ ವ್ಯರ್ಥವಾಯಿತು. ತಳದಲ್ಲಿ ಬಿರುಕು ಬಿಟ್ಟ ಕೊಳಗಕ್ಕೆ ಎಷ್ಟು ಧಾನ್ಯ ಸುರಿದರೂ ತುಂಬದು. ಬಡವರ ಸಿವಿಲ್ ಹಕ್ಕುಗಳನ್ನು ಕಾಯುವ ವೆಚ್ಚವು ಉಳಿದ ದಾನಗಳಿಗೆ ಪ್ರತಿಸ್ಪರ್ಧಿಯಲ್ಲ. ಅವುಗಳೆಲ್ಲವನ್ನೂ ಸೋರಿಹೋಗದಂತೆ ತಡೆಯುವ ಬೆಸುಗೆ ಅದು. ಈ ಲೇಖನದಲ್ಲಿ ನಾನು ಪ್ರತಿಪಾದಿಸಬೇಕೆಂದಿರುವುದು ಇಷ್ಟನ್ನೇ.

ನಮ್ಮ ಸೀಮೆಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿಯವರು ಗಣಿಗಾರಿಕೆಗೆ ಕೈಹಾಕಿದಂದಿನಿಂದ ತಮಿಳು, ತೆಲುಗು, ಕನ್ನಡ ಸೀಮೆಗಳ ಬಡವರು, ಅವರಲ್ಲಿಯೂ ಬಹುಪಾಲು ಪರಿಶಿಷ್ಟ ಜಾತಿಯವರು, ಇಲ್ಲಿಗೆ ಬಂದು ನೆಲೆಸಿದರು. ಅವರ ಹೆಸರುಗಳನ್ನು ಬರೆದುಕೊಂಡವರು ಇಂಗ್ಲಿಷ್ ಬಲ್ಲ ಗುಮಾಸ್ತರು. ಕಿವಿಗೆ ಕೇಳಿದಂತೆ ಬರೆದರು. ಹೆಸರು ಒಂದು ಭಾಷೆಯದು, ದಾಖಲೆ ಇನ್ನೊಂದು ಭಾಷೆಯದು, ನ್ಯಾಯಾಲಯದ ಕಲಾಪ ಮತ್ತೊಂದು ಭಾಷೆಯದು. ಗಣಿಗಳು ೧೯೫೬ರಲ್ಲಿ ಮೈಸೂರು ಸರ್ಕಾರಕ್ಕೂ, ೧೯೬೨ರಲ್ಲಿ ಕೇಂದ್ರ ಸರ್ಕಾರಕ್ಕೂ, ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಾರ್ವಜನಿಕ ಸಂಸ್ಥೆಗೂ ಸೇರಿದವು. ಒಡೆತನ ಬದಲಾದರೂ ಹಳೆಯ ಹೆಸರುಗಳ ಗೊಂದಲ ಹಾಗೆಯೇ ಉಳಿಯಿತು.

೨೦೦೧ರ ಫೆಬ್ರವರಿ ಕಡೆಯ ದಿನ ಗಣಿ ಮುಚ್ಚಿದಾಗ ಮೂರು ಸಾವಿರಕ್ಕೂ ಹೆಚ್ಚು ನೌಕರರು ಕೆಲಸ ಕಳೆದುಕೊಂಡರು. ಅವರ ಸಂಘಗಳು ನ್ಯಾಯಾಲಯಕ್ಕೆ ಹೋದವು. ಆ ವ್ಯಾಜ್ಯ ಉಚ್ಚ ನ್ಯಾಯಾಲಯವನ್ನು ದಾಟಿ, ೨೦೧೩ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬರುವವರೆಗೂ ಮುಂದುವರಿಯಿತು. ಸಂಘವಿದ್ದವರು ದೆಹಲಿಯವರೆಗೆ ಹೋಗಿಬರಬಲ್ಲವರಾದರು. ಆದರೆ ಪ್ರತಿಯೊಂದು ಲೈನುಮನೆಯೊಳಗೂ ಸಂಘಕ್ಕೆ ಸೇರದ ಚಿಕ್ಕ ಚಿಕ್ಕ ಪ್ರಶ್ನೆಗಳಿದ್ದವು: ತೀರಿಕೊಂಡವರ ವಾರಸುದಾರರು ಯಾರು, ಗ್ರ್ಯಾಚುಯಿಟಿ ಹಣ ಯಾರಿಗೆ ಸೇರಬೇಕು, ವಾಸದ ಮನೆಯ ಮೇಲೆ ಯಾರಿಗೆ ಹಕ್ಕು, ಬಿಟ್ಟುಹೋದ ಗಂಡನಿಂದ ಜೀವನಾಂಶ ಪಡೆಯುವುದು ಹೇಗೆ. ಈ ಪ್ರಶ್ನೆಗಳಿಗೆ ಮೆರವಣಿಗೆಯಿಂದ ಉತ್ತರ ದೊರೆಯದು. ಒಬ್ಬೊಬ್ಬರಿಗೂ ಒಂದೊಂದು ಅರ್ಜಿ, ಒಬ್ಬೊಬ್ಬ ವಕೀಲರು ಬೇಕು.

ಗಣಿ ಧೂಳಿನಿಂದ ಬರುವ ಸಿಲಿಕೋಸಿಸ್ ರೋಗದ ವಿಚಾರವೂ ಇದೇ ಬಗೆಯದು. ೧೯೪೦ರಿಂದ ೧೯೪೬ರ ಅವಧಿಯಲ್ಲಿ ಕೋಲಾರದ ಗಣಿಗಳಲ್ಲಿ ೭,೬೫೩ ಕೆಲಸಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ ೪೩.೭ ಮಂದಿಯಲ್ಲಿ ಈ ರೋಗ ಕಂಡುಬಂದಿತೆಂದು ವೈದ್ಯ ವರದಿಗಳು ಹೇಳುತ್ತವೆ. ೧೯೨೩ರ ಕಾರ್ಮಿಕರ ಪರಿಹಾರ ಶಾಸನದ ವ್ಯಾಪ್ತಿಯಲ್ಲಿ ಇದು ಔದ್ಯೋಗಿಕ ರೋಗವೆಂದು ಪರಿಗಣಿತವಾಗಿತ್ತು. ಆದರೂ ರೋಗಕ್ಕೂ ಕೆಲಸಕ್ಕೂ ಇರುವ ಸಂಬಂಧವನ್ನು ಕಾಗದದ ಮೇಲೆ ಸ್ಥಾಪಿಸಿದವನಿಗಷ್ಟೇ ಪರಿಹಾರ. ಕೆಮ್ಮುವವನೇ ದಾಖಲೆಗಳನ್ನು ಹುಡುಕಿ ತರಬೇಕು.

ಬಂಗಾರಪೇಟೆಯ ಸುತ್ತಣ ಹಳ್ಳಿಗಳಲ್ಲಿ ವ್ಯಾಜ್ಯದ ರೂಪ ಬೇರೆ. ಅಲ್ಲಿ ಪಹಣಿಯಲ್ಲಿ ಹೆಸರು ತಪ್ಪಿರುತ್ತದೆ. ಅಣ್ಣತಮ್ಮಂದಿರ ಪಾಲು ಬಾಯಿಮಾತಿನಲ್ಲಿ ಆಗಿರುತ್ತದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯ ಪರಭಾರೆಯನ್ನು ನಿಷೇಧಿಸುವ ಕಾಯಿದೆ ೧೯೭೮ರಲ್ಲಿಯೇ ಬಂದಿದ್ದರೂ, ಭೂಮಿ ಕಳೆದುಕೊಂಡವರಲ್ಲಿ ಅನೇಕರಿಗೆ ಅದರ ಸುದ್ದಿಯಿಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡಲು ಕರ್ನಾಟಕವು ೧೯೯೪ರಲ್ಲಿ, ಕೇಂದ್ರವು ೨೦೦೫ರಲ್ಲಿ ಹಿಂದೂ ಉತ್ತರಾಧಿಕಾರ ಶಾಸನವನ್ನು ತಿದ್ದಿದವು. ಅರಿಸಿನ ಕುಂಕುಮಕ್ಕೆಂದು ಒಂದು ಸೀರೆ ಕೊಟ್ಟು ಸಹಿ ಹಾಕಿಸಿಕೊಳ್ಳುವ ಪದ್ಧತಿ ಮಾತ್ರ ಇನ್ನೂ ನಿಂತಿಲ್ಲ.

ಹಾಗಾದರೆ ಬಡವರಿಗೆ ನೆರವಾಗುವ ಶಾಸನವೇ ಇಲ್ಲವೇ? ಇದೆ; ಉತ್ತಮವಾದ ಶಾಸನವೇ ಇದೆ. ೧೯೭೬ರ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ೩೯-ಎ ಅನುಚ್ಛೇದವು, ಹಣವಿಲ್ಲದ ಕಾರಣಕ್ಕೆ ಯಾವ ಪ್ರಜೆಗೂ ನ್ಯಾಯ ತಪ್ಪಬಾರದೆಂದು ರಾಜ್ಯಕ್ಕೆ ವಿಧಿಸಿದೆ. ಅದನ್ನು ಕಾರ್ಯಗತಗೊಳಿಸಲು ೧೯೮೭ರಲ್ಲಿ ಅಂಗೀಕೃತವಾದ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವು ೧೯೯೫ರ ನವೆಂಬರ್ ೯ರಿಂದ ಜಾರಿಯಲ್ಲಿದೆ. ರಾಜ್ಯಕ್ಕೊಂದು, ಜಿಲ್ಲೆಗೊಂದು ಪ್ರಾಧಿಕಾರ, ತಾಲ್ಲೂಕಿಗೊಂದು ಸಮಿತಿ. ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ವರಮಾನದ ಮಿತಿಯಿಲ್ಲದೆ ನೆರವಿಗೆ ಅರ್ಹರು. ಉಳಿದವರು ನಿಗದಿಯಾದ ವರಮಾನದೊಳಗಿದ್ದರೆ ಅರ್ಹರು. ಕ್ರಿಮಿನಲ್ ಮೊಕದ್ದಮೆಗಷ್ಟೇ ಅಲ್ಲ, ಸಿವಿಲ್ ವ್ಯಾಜ್ಯಕ್ಕೂ ಇದು ಅನ್ವಯ. ವಕೀಲರ ಶುಲ್ಕವಾಗಲಿ ನ್ಯಾಯಾಲಯ ಶುಲ್ಕವಾಗಲಿ ಕಕ್ಷಿದಾರನ ಮೇಲೆ ಬೀಳುವುದಿಲ್ಲ. ಗಣಿ ಕೆಲಸಗಾರರ ಈ ನಾಡಿನಲ್ಲಿ ಅರ್ಹತೆಯಿಲ್ಲದವರನ್ನು ಹುಡುಕುವುದೇ ಕಷ್ಟ.

೧೯೦೨ರಲ್ಲಿ ಶಿವನಸಮುದ್ರದಿಂದ ಸುಮಾರು ೯೨ ಮೈಲಿ ದೂರ ತಂತಿ ಎಳೆದು ಕೆ.ಜಿ.ಎಫ್. ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ತಂದ ಸಂಗತಿಯನ್ನು ನಾವು ಮಕ್ಕಳಿಗೆ ಹೆಮ್ಮೆಯಿಂದ ಪಾಠ ಹೇಳುತ್ತೇವೆ. ಆ ತಂತಿ ತಲೆಯ ಮೇಲೆ ಹಾದುಹೋದ ಹಳ್ಳಿಗಳಲ್ಲಿ ದೀಪ ಹೊತ್ತಿದ್ದು ದಶಕಗಳ ಅನಂತರ. ಅಲ್ಲಿಯವರೆಗೆ ಕಂಬದಿಂದ ಮನೆಗೆ ನಾಲ್ಕು ಗಜ ತಂತಿಯನ್ನು ಯಾರೂ ಎಳೆದಿರಲಿಲ್ಲ. ಕಾನೂನು ನೆರವಿನ ಸ್ಥಿತಿಯೂ ಇಂದು ಅದೇ. ನ್ಯಾಯಾಲಯದ ಬಾಗಿಲ ಒಳಗೆ ನೆರವು ಉಚಿತ. ಬಾಗಿಲವರೆಗೆ ಹೋಗುವ ಖರ್ಚು ಬಡವನದೇ. ಹಳೆಯ ದಾಖಲೆಗಳ ನಕಲು, ಬಸ್ಸಿನ ಚಾರ್ಜು, ತಪ್ಪಿದ ದಿನಗೂಲಿ, ತಮಿಳಿನಲ್ಲೋ ತೆಲುಗಿನಲ್ಲೋ ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಡುವವರು, ಎಲ್ಲಕ್ಕಿಂತ ಮೊದಲು ಹೀಗೊಂದು ನೆರವಿದೆಯೆಂದು ತಿಳಿಸುವವರು, ಈ ನಾಲ್ಕು ಗಜ ತಂತಿಯೇ ನಮ್ಮಲ್ಲಿ ಇಲ್ಲದಿರುವುದು.

ಇದಕ್ಕೆ ಹಣ ವಿನಿಯೋಗಿಸಿದರೆ ಪ್ರಯೋಜನವು ಆ ಒಬ್ಬ ಕಕ್ಷಿದಾರನಿಗೆ ಮಾತ್ರವೆಂದು ತಿಳಿಯಬಾರದು. ವಿಧವೆಗೆ ಸಕಾಲದಲ್ಲಿ ಪಿಂಚಣಿ ಬಂದರೆ ಆಕೆ ಬಡ್ಡಿಯವನ ಮನೆಗೆ ಹೋಗುವುದಿಲ್ಲ, ಕಿರಾಣಿ ಅಂಗಡಿಯ ಸಾಲ ತೀರುತ್ತದೆ, ಮಗು ಶಾಲೆಯಲ್ಲಿ ಉಳಿಯುತ್ತದೆ. ಪಾಲಿನ ಜಗಳ ಕಾಗದದ ಮೇಲೆ ಇತ್ಯರ್ಥವಾದರೆ ಅದು ದೊಣ್ಣೆಗೂ ಪೊಲೀಸು ಠಾಣೆಗೂ ಮುಟ್ಟುವುದಿಲ್ಲ. ಖಾತೆ ಸರಿಯಾದ ರೈತನಿಗೆ ಬ್ಯಾಂಕು ಸಾಲ ಕೊಡುತ್ತದೆ. ಸರಿಯಾಗಿ ಸಿದ್ಧಪಡಿಸಿದ ಅರ್ಜಿ ಬಂದರೆ ನ್ಯಾಯಾಧೀಶರ ಕಾಲವೂ ಉಳಿಯುತ್ತದೆ. ಲೋಕ ಅದಾಲತಿನಲ್ಲಿ ರಾಜಿಯಾದ ವ್ಯಾಜ್ಯಕ್ಕೆ ಡಿಕ್ರಿಯ ಬೆಲೆಯಿದೆ; ಮೇಲ್ಮನವಿಯ ಅಲೆದಾಟವಿಲ್ಲ; ಕಟ್ಟಿದ ನ್ಯಾಯಾಲಯ ಶುಲ್ಕವೂ ಹಿಂದಿರುಗುತ್ತದೆ.

ಪರದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಇಂಗ್ಲೆಂಡು ೧೯೪೯ರಲ್ಲಿಯೇ ಕಾನೂನು ನೆರವಿನ ಶಾಸನ ಮಾಡಿತ್ತು. ವೆಚ್ಚ ಕಡಿಮೆ ಮಾಡಲೆಂದು ೨೦೧೩ರಿಂದ ಕೌಟುಂಬಿಕ ವ್ಯಾಜ್ಯಗಳೇ ಮೊದಲಾದ ಅನೇಕ ಸಿವಿಲ್ ವಿಷಯಗಳನ್ನು ಅದರಿಂದ ಹೊರಗಿಟ್ಟಾಗ, ವಕೀಲರಿಲ್ಲದೆ ತಾವೇ ವಾದಿಸಬೇಕಾದವರ ಸಂಖ್ಯೆ ಕೌಟುಂಬಿಕ ನ್ಯಾಯಾಲಯಗಳಲ್ಲಿ ಏರಿತೆಂದು ಅಲ್ಲಿನ ಲೆಕ್ಕಪರಿಶೋಧನಾ ಕಚೇರಿಯೇ ೨೦೧೪ರಲ್ಲಿ ವರದಿ ಮಾಡಿತು. ಒಂದು ಕಡೆ ಉಳಿಸಿದ ಹಣದಲ್ಲಿ ಒಂದು ಭಾಗ ಇನ್ನೊಂದು ಕಡೆ ಖರ್ಚಾಯಿತು. ಅದಕ್ಕೆ ಪ್ರತಿಯಾಗಿ ನ್ಯೂಯಾರ್ಕ್ ನಗರವು ೨೦೧೭ರಲ್ಲಿ, ಮನೆಯಿಂದ ಹೊರಹಾಕುವ ಮೊಕದ್ದಮೆ ಎದುರಿಸುವ ಬಡ ಬಾಡಿಗೆದಾರರಿಗೆ ವಕೀಲರನ್ನು ಒದಗಿಸುವ ಶಾಸನ ಮಾಡಿತು. ಬೀದಿಗೆ ಬಿದ್ದ ಕುಟುಂಬವನ್ನು ಮತ್ತೆ ಎತ್ತಿ ನಿಲ್ಲಿಸುವುದಕ್ಕಿಂತ ಬೀಳದಂತೆ ತಡೆಯುವುದು ಅಗ್ಗವೆಂಬುದು ಸರಳ ಲೆಕ್ಕ.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ವ್ಯಾಜ್ಯಕ್ಕೆ ಹಣ ಕೊಟ್ಟರೆ ಊರಿನಲ್ಲಿ ವ್ಯಾಜ್ಯ ಹೆಚ್ಚೀತೆಂದು ಹಿರಿಯರು ಕೆಲವರು ಅನ್ನುತ್ತಾರೆ. ಕೋರ್ಟು ಕಚೇರಿ ಹತ್ತಿದವರ ಮನೆ ಉದ್ಧಾರವಾಗದೆಂಬ ನಂಬಿಕೆ ನಮ್ಮಲ್ಲಿ ಹಳೆಯದು. ಆದರೆ ಆ ವಿಧವೆ ಯಾರ ಮೇಲೆ ಜಗಳಕ್ಕೆ ಹೋಗಿದ್ದರು? ಆಕೆಗೆ ಎದುರಾಳಿಯೇ ಇರಲಿಲ್ಲ. ಬಡವರ ಸಿವಿಲ್ ಕಾರ್ಯಗಳಲ್ಲಿ ಬಹಳಷ್ಟು ಹೀಗೆಯೇ, ಇರುವ ಹಕ್ಕನ್ನು ದೃಢಪಡಿಸಿಕೊಳ್ಳುವಂಥವು.

ಇದು ಸರ್ಕಾರದ ಕರ್ತವ್ಯವಲ್ಲವೇ, ನಾವೇಕೆ ಕೊಡಬೇಕೆಂಬುದು ಎರಡನೆಯ ಆಕ್ಷೇಪಣೆ. ಶಿಕ್ಷಣವೂ ಸರ್ಕಾರದ ಕರ್ತವ್ಯವೇ. ಆದರೂ ನಮ್ಮ ಹಿರಿಯರು ಕಾಯುತ್ತ ಕೂಡದೆ ಶಾಲೆ ತೆರೆದರು. ಶಾಸನವು ಕೂಡ ಸಾರ್ವಜನಿಕರ ಕೊಡುಗೆಯನ್ನು ಹೊರಗಿಟ್ಟಿಲ್ಲ. ಜಿಲ್ಲಾ ಕಾನೂನು ನೆರವು ನಿಧಿಗೆ, ರಾಜ್ಯ ಪ್ರಾಧಿಕಾರದ ಪೂರ್ವಾನುಮತಿಗೆ ಒಳಪಟ್ಟು, ಯಾರು ಬೇಕಾದರೂ ದೇಣಿಗೆ ಕೊಡಲು ಅದರಲ್ಲಿಯೇ ಅವಕಾಶವಿದೆ.

ಮೂರನೆಯದು ಹೆಚ್ಚು ಯೋಚಿಸಬೇಕಾದ ಮಾತು. ಮಠದಲ್ಲಿ ಕುಳಿತು ಬಗೆಹರಿಸಿಕೊಳ್ಳುವ ಪರಂಪರೆ ನಮ್ಮಲ್ಲಿರುವಾಗ ನ್ಯಾಯಾಲಯವೇಕೆ? ಸಿರಿಗೆರೆಯ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠದಲ್ಲಿ ಅಸಂಖ್ಯ ಜನರು ವ್ಯಾಜ್ಯಗಳನ್ನು ಬಗೆಹರಿಸಿಕೊಂಡಿರುವುದು ನಾಡಿಗೆಲ್ಲ ತಿಳಿದ ವಿಷಯ. ಖರ್ಚಿಲ್ಲದೆ, ದ್ವೇಷ ಉಳಿಯದೆ ಮುಗಿಯುವ ಅಂಥ ಮಾರ್ಗ ಇರುವಲ್ಲಿ ಅದನ್ನು ಬಿಡಬೇಕಾಗಿಲ್ಲ. ಆದರೆ ರಾಜಿಯ ಚಾಪೆಯ ಮೇಲೆ ಕುಳಿತ ಇಬ್ಬರಲ್ಲಿ ಒಬ್ಬನಿಗೆ ತನ್ನ ಹಕ್ಕೇನೆಂದು ಗೊತ್ತಿದ್ದು ಇನ್ನೊಬ್ಬಳಿಗೆ ಗೊತ್ತಿಲ್ಲದಿದ್ದರೆ, ಆ ರಾಜಿ ದೊಡ್ಡ ದನಿಯವನ ಗೆಲುವಷ್ಟೇ ಆಗುತ್ತದೆ. ಹಕ್ಕನ್ನು ತಿಳಿದುಕೊಂಡು ಒಪ್ಪಿಕೊಂಡುದೇ ನಿಜವಾದ ರಾಜಿ. ಅಲ್ಲದೆ ಪಿಂಚಣಿ ಕಚೇರಿಗೂ ಬ್ಯಾಂಕಿಗೂ ಪಂಚರ ಮಾತು ಸಾಲದು, ನ್ಯಾಯಾಲಯದ ಆದೇಶವೇ ಬೇಕು. ಆದುದರಿಂದ ಎರಡಕ್ಕೂ ಸ್ಥಾನವಿದೆ.

ಇನ್ನು ನಾವು ಮಾಡಬಹುದಾದುದೇನು? ನನ್ನ ಅಲ್ಪಮತಿಗೆ ತೋರಿದ ಕೆಲವು ಸೂಚನೆಗಳನ್ನು ಆಡಳಿತ ಮಂಡಲಿಯವರ ಮುಂದಿಡುತ್ತೇನೆ.

ಮೊದಲನೆಯದಕ್ಕೆ ಕಾಸು ಖರ್ಚಿಲ್ಲ. ಯಾವ ಮಗುವಿನ ಹೆಸರನ್ನಾದರೂ ಹಾಜರಿಯಿಂದ ತೆಗೆಯುವ ಮುನ್ನ ತರಗತಿಯ ಅಧ್ಯಾಪಕರು ಮನೆಯವರನ್ನು ಕಂಡು ಕಾರಣ ತಿಳಿಯಲಿ. ಹಳೆಯ ವಿದ್ಯಾರ್ಥಿಗಳಾಗಲಿ ಅವರ ಪೋಷಕರಾಗಲಿ ದಾಖಲಾತಿ ಪುಸ್ತಕದ ಪ್ರತಿ ಕೇಳಿದರೆ ಅದೇ ದಿನ ಉಚಿತವಾಗಿ ಕೊಡಲಿ. ನಮ್ಮ ಬೀರುವಿನಲ್ಲಿರುವುದು ಬರಿಯ ಹಳೆಯ ಕಾಗದವಲ್ಲ. ನೂರಾರು ಕುಟುಂಬಗಳ ಸಾಕ್ಷ್ಯ.

ಎರಡನೆಯದಾಗಿ, ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಕೊಠಡಿಯನ್ನು ಕಾನೂನು ಸಲಹೆಗೆ ಮೀಸಲಿಡಬಹುದು. ವಕೀಲರಾಗಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಸರದಿಯಂತೆ ಬರಲಿ. ಪ್ರಾಧಿಕಾರವು ತರಬೇತಿ ಕೊಟ್ಟು ನಿಯೋಜಿಸುವ ಅರೆಕಾಲಿಕ ಕಾನೂನು ಸ್ವಯಂಸೇವಕರ ಯೋಜನೆಯಲ್ಲಿ ನಿವೃತ್ತ ಅಧ್ಯಾಪಕರಿಗೂ ಅವಕಾಶವಿದೆ. ನನ್ನಂತಹವರು ಅರ್ಜಿ ಬರೆದುಕೊಡಲು ಕುಳಿತುಕೊಳ್ಳಬಹುದು. ಊರ್ಗಾಂನಲ್ಲಿ ಕೆಂಗಲ್ ಹನುಮಂತಯ್ಯನವರ ಹೆಸರಿನ ಕಾನೂನು ಮಹಾವಿದ್ಯಾಲಯವಿದೆ. ಅಲ್ಲಿನ ವಿದ್ಯಾರ್ಥಿಗಳನ್ನು ಆಹ್ವಾನಿಸಿದರೆ ಅವರಿಗೂ ಅನುಭವ ದೊರೆತೀತು. ತಮಿಳು, ತೆಲುಗು ಬಲ್ಲವರೊಬ್ಬರು ಸದಾ ಜೊತೆಗಿರಬೇಕು.

ಮೂರನೆಯದು ದಾನಿಗಳಿಗೆ ಸಂಬಂಧಿಸಿದ್ದು. ಒಂದು ಶಾಶ್ವತ ದತ್ತಿನಿಧಿಯನ್ನು ಸ್ಥಾಪಿಸಿ, ಅಸಲನ್ನು ಮುಟ್ಟದೆ ಬಡ್ಡಿಯಿಂದ ಮಾತ್ರ ನಕಲಿನ ಶುಲ್ಕ, ಪ್ರಯಾಣ, ಭಾಷಾಂತರ, ವಾಯಿದೆಯ ದಿನ ತಪ್ಪಿದ ಕೂಲಿ ಇವುಗಳನ್ನು ಭರಿಸಬಹುದು. ವಕೀಲರ ಶುಲ್ಕವನ್ನು ಇದರಿಂದ ಕೊಡಬೇಕಾಗಿಲ್ಲ. ಅದಕ್ಕೆ ಶಾಸನವೇ ಇದೆ. ಜಾತಿ, ಮತ, ಭಾಷೆಗಳ ಭೇದವಿಲ್ಲದೆ, ನಮ್ಮ ಶಾಲೆಯ ಮಕ್ಕಳ ಕುಟುಂಬವಾಗಲಿ ಅಲ್ಲದಿರಲಿ, ಬಂದವರಿಗೆಲ್ಲ ಇದು ಸಲ್ಲಬೇಕು. ದಾಸೋಹದ ಪಂಕ್ತಿಯಲ್ಲಿ ಊರು ಕೇರಿ ಕೇಳುವ ವಾಡಿಕೆ ನಮ್ಮದಲ್ಲ. ವರ್ಷಕ್ಕೊಮ್ಮೆ ಲೆಕ್ಕವನ್ನು, ಕಕ್ಷಿದಾರರ ಹೆಸರು ಹೇಳದೆ, ಇದೇ ಸಂಚಿಕೆಯಲ್ಲಿ ಪ್ರಕಟಿಸಬೇಕು.

ಕಟ್ಟಿಸಿದ ಕೊಠಡಿಯ ಮೇಲೆ ದಾನಿಯ ಹೆಸರಿನ ಕಲ್ಲು ಇರುತ್ತದೆ. ಉಳಿಸಿಕೊಟ್ಟ ಪಿಂಚಣಿಯ ಮೇಲೆ ಅಂಥ ಕಲ್ಲು ನಿಲ್ಲಿಸಲಾಗದು. ಈ ದಾನದಲ್ಲಿ ಕೀರ್ತಿ ಕಡಿಮೆಯೆಂಬುದನ್ನು ನಾನು ಮರೆಮಾಚುವುದಿಲ್ಲ. ಆದರೆ ಕಟ್ಟಿದ ಕೊಠಡಿಯಲ್ಲಿ ಕೂರಬೇಕಾದ ಮಗು ಕೂತಿರುವಂತೆ ನೋಡಿಕೊಳ್ಳುವುದು ಇದೇ.

ಆ ಹಾಜರಿ ಪುಸ್ತಕ ಈಗಲೂ ಶಾಲೆಯ ಕಚೇರಿಯಲ್ಲಿದೆ. ನಿವೃತ್ತಿಯ ದಿನ ಅಧಿಕಾರ ಒಪ್ಪಿಸುವಾಗ ಅದನ್ನು ಮತ್ತೊಮ್ಮೆ ತೆರೆದು ನೋಡಿದೆ. ಕೆಂಪು ಶಾಯಿಯ ಗೀಟು ಮಾಸಿರಲಿಲ್ಲ. ಮುಂದಿನ ಅಧ್ಯಾಪಕರ ಕೈಯಿಂದ ಅಂತಹ ಇನ್ನೊಂದು ಗೀಟು ಬೀಳುವ ಮುನ್ನ, ಶನಿವಾರದ ಆ ಕೊಠಡಿಯ ಬಾಗಿಲು ತೆರೆದಿರಲೆಂದು ಅಧ್ಯಾಪಕ ಬಂಧುಗಳನ್ನೂ, ಹಳೆಯ ವಿದ್ಯಾರ್ಥಿಗಳನ್ನೂ, ಉದಾರಿಗಳಾದ ದಾನಿಗಳನ್ನೂ ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.